ಚಿಕ್ಕ ಮೋಟಾರಿನ ಚೊಕ್ಕ ಸಂತೋಷ

‘ಯಂತ್ರ’ ಎಂಬುದು ನಾವು ದಿನವೂ ಆಡುವ ಮಾತು. ಅದರ ಮೂಲದಲ್ಲಿರುವುದು ‘ಯಮ್’ ಎಂಬ ಸಂಸ್ಕೃತ ಧಾತು. ಹಿಡಿತದಲ್ಲಿಡು, ತಡೆ ಎಂದು ಅದರ ಅರ್ಥ. ನಿಯಮ, ಸಂಯಮ ಎಂಬ ಮಾತುಗಳೂ ಇದೇ ಧಾತುವಿನ ಮಕ್ಕಳು. ಶಕ್ತಿಯನ್ನು ಒಂದು ಮೇರೆಯೊಳಗೆ ಹಿಡಿದು ಕೆಲಸಕ್ಕೆ ಹಚ್ಚುವ ಸಾಧನವೇ ಯಂತ್ರ. ಮೋಟಾರುಗಾಡಿ ಎಂದೊಡನೆ ವೇಗ, ಗಾತ್ರ, ಬೆಡಗು ಇವನ್ನೇ ನೆನೆಯುವ ಈ ಕಾಲದಲ್ಲಿ ಆ ಹಳೆಯ ಅರ್ಥವನ್ನು ಒಮ್ಮೆ ಸ್ಮರಿಸುವುದು ಒಳ್ಳೆಯದು. ಏಕೆಂದರೆ ಇಲ್ಲಿ ಹೇಳಹೊರಟಿರುವುದು ಮಿತಿಯಿಂದ ಹುಟ್ಟಿದ ಸುಖದ ಕಥೆ. ಮಾರಿಸ್ ಮೈನರ್ ಎಂಬ ಇಂಗ್ಲೆಂಡಿನ ಚಿಕ್ಕ ಕಾರಿನ ಕಥೆ. ಅದರ ತಯಾರಿಕೆ ನಿಂತು ಅರ್ಧ ಶತಮಾನ ಸಂದಿದೆ. ಆದರೂ ಅದನ್ನು ಮನೆಯ ಮಗುವಿನಂತೆ ಸಾಕಿಕೊಂಡು ಬಂದಿರುವವರು ಇಂದಿಗೂ ಇದ್ದಾರೆ. ಅವರಿಗೆ ಅದರಲ್ಲಿ ದೊರೆಯುವ ಸಂತೋಷವಾದರೂ ಏನು? ಇದಕ್ಕೆ ಉತ್ತರವನ್ನು ಆ ಕಾರಿನ ಚರಿತ್ರೆಯಲ್ಲಿಯೇ ಹುಡುಕಬೇಕು.

ಎರಡನೆಯ ಮಹಾಯುದ್ಧ ನಡೆದಿದ್ದ ಕಾಲ. ಆಕ್ಸ್‌ಫರ್ಡಿನ ಬಳಿಯ ಕೌಲಿಯಲ್ಲಿದ್ದ ಮಾರಿಸ್ ಕಾರ್ಖಾನೆ ಯುದ್ಧಸಾಮಗ್ರಿಯ ಕೆಲಸದಲ್ಲಿ ಮುಳುಗಿತ್ತು. ಅದರ ಒಡೆಯ ವಿಲಿಯಂ ಮಾರಿಸ್, ಅರ್ಥಾತ್ ಲಾರ್ಡ್ ನಫೀಲ್ಡ್, ಬೈಸಿಕಲ್ ರಿಪೇರಿಯಿಂದ ಜೀವನ ಪ್ರಾರಂಭಿಸಿ ಕೋಟ್ಯಧೀಶನಾದವನು. ಅದೇ ಕಾರ್ಖಾನೆಯಲ್ಲಿ ಅಲೆಕ್ ಇಸ್ಸಿಗೋನಿಸ್ ಎಂಬ ಎಂಜಿನಿಯರನಿದ್ದ. ಇವನು 1906ರಲ್ಲಿ ಸ್ಮಿರ್ನಾ ಪಟ್ಟಣದಲ್ಲಿ, ಎಂದರೆ ಇಂದಿನ ತುರ್ಕಿಯ ಇಜ್ಮಿರ್‌ನಲ್ಲಿ ಹುಟ್ಟಿದವನು. 1922ರ ಯುದ್ಧದ ಗಲಭೆಯಲ್ಲಿ ಮನೆಮಾರು ಬಿಟ್ಟು, ದಾರಿಯಲ್ಲಿ ತಂದೆಯನ್ನೂ ಕಳೆದುಕೊಂಡು, ತಾಯಿಯೊಡನೆ ಇಂಗ್ಲೆಂಡನ್ನು ಸೇರಿದನು. ಓದುವಾಗ ಗಣಿತದ ಪರೀಕ್ಷೆಯಲ್ಲಿ ಮೂರು ಸಲ ಅನುತ್ತೀರ್ಣನಾದನೆಂಬುದು ನಮ್ಮಂಥ ಉಪಾಧ್ಯಾಯರು ನೆನಪಿನಲ್ಲಿಡಬೇಕಾದ ಸಂಗತಿ. ಲೆಕ್ಕ ಕೈಗೊಡದಿದ್ದರೂ ಚಿತ್ರ ಬಿಡಿಸುವ ಕೈ ಅವನಿಗೆ ಒಲಿದಿತ್ತು. ಯುದ್ಧ ಮುಗಿದ ಮೇಲೆ ಸಾಮಾನ್ಯ ಗೃಹಸ್ಥನಿಗೆ ಎಂಥ ಕಾರು ಬೇಕಾದೀತೆಂದು ಅವನು ಯುದ್ಧಕಾಲದಲ್ಲಿಯೇ ಯೋಚಿಸತೊಡಗಿದನು. ಆ ಯೋಜನೆಗೆ ಇಟ್ಟ ಗುಪ್ತನಾಮ ‘ಮಸ್ಕಿಟೊ’, ಎಂದರೆ ಸೊಳ್ಳೆ!

ಸಣ್ಣ ಕಾರೆಂದರೆ ದೊಡ್ಡ ಕಾರನ್ನು ಹಿಂಡಿ ಕುಗ್ಗಿಸಿದ ಬಡಕಲು ರೂಪವೆಂದೇ ಅಂದಿನ ತಯಾರಕರು ಬಹುಮಟ್ಟಿಗೆ ಭಾವಿಸಿದ್ದರು. ಇಸ್ಸಿಗೋನಿಸ್ ಅದನ್ನು ಒಪ್ಪಲಿಲ್ಲ. ಅವನು 14 ಅಂಗುಲದ ಚಿಕ್ಕ ಚಕ್ರಗಳನ್ನು ತೊಡಿಸಿದನು. ಎಂಜಿನನ್ನು ಆದಷ್ಟೂ ಮುಂದಕ್ಕೆ ತಳ್ಳಿ ಕುಳಿತುಕೊಳ್ಳುವವರಿಗೆ ಸ್ಥಳ ಬಿಡಿಸಿದನು. ತಿರುಗಿಸಿದಷ್ಟೇ ತಿರುಗುವ ಹಲ್ಲುಪಟ್ಟಿಯ ಸ್ಟಿಯರಿಂಗನ್ನು ಅಳವಡಿಸಿದನು. ಎಲ್ಲ ಮುಗಿಯಿತೆನ್ನುವ ಹೊತ್ತಿಗೆ ಕಾರು ಅಗಲ ಸಾಲದೆ ಸೊರಗಿದಂತೆ ಅವನ ಕಣ್ಣಿಗೆ ಕಂಡಿತು. ಮಾದರಿಯ ಕಾರನ್ನು ಉದ್ದಕ್ಕೆ ಎರಡು ಹೋಳಾಗಿ ಕೊಯ್ಯಿಸಿ, ಹೋಳುಗಳನ್ನು ಒಂದರಿಂದೊಂದು ದೂರ ಸರಿಸುತ್ತ ನೋಡಿದನು. 4 ಅಂಗುಲದ ಅಂತರದಲ್ಲಿ ರೂಪ ಸರಿಯಾಗಿ ಕೂಡಿಬಂದಿತು. ಬಾನೆಟ್ಟಿನ ನಡುವೆ ಕಾಣುವ ಚಪ್ಪಟೆ ಪಟ್ಟಿ ಆ 4 ಅಂಗುಲದ ಗುರುತು. ಬಂಪರುಗಳು ಆಗಲೇ ಹಳೆಯ ಅಳತೆಯಲ್ಲಿ ತಯಾರಾಗಿದ್ದುದರಿಂದ ಅವನ್ನು ನಡುವೆ ಕತ್ತರಿಸಿ ತುಂಡು ಕೂಡಿಸಿ ಬಳಸಿದರು. ಮೊದಮೊದಲ ಮೈನರುಗಳಲ್ಲಿ ಈ ತೇಪೆಯನ್ನು ಈಗಲೂ ನೋಡಬಹುದು.

ನಫೀಲ್ಡನಿಗೆ ಮಾತ್ರ ಈ ಗುಂಡುಗುಂಡಾದ ಆಕಾರ ಹಿಡಿಸಲಿಲ್ಲ. ಒಡೆದು ಬೇಯಿಸಿದ ಮೊಟ್ಟೆಯಂತಿದೆ ಎಂದು ಮೂದಲಿಸಿದನಂತೆ. ಅಂತೂ 1948ರ ಅಕ್ಟೋಬರಿನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮೈನರ್ ಬೆಳಕು ಕಂಡಿತು. ಅದರ 918 ಘನ ಸೆಂಟಿಮೀಟರಿನ ಎಂಜಿನ್ ಹಳೆಯದು, ಶಕ್ತಿಯೂ ಅಲ್ಪ. ಗಂಟೆಗೆ 60 ಮೈಲಿ ಮುಟ್ಟಿದರೆ ಅದೇ ಹೆಚ್ಚು. ತೆರಿಗೆಯೂ ಸೇರಿ ಬೆಲೆ ಸುಮಾರು 358 ಪೌಂಡು. ಬ್ರಿಟನ್ನಿನಲ್ಲಿ ಪೆಟ್ರೋಲಿನ ಪಡಿತರ 1950ರವರೆಗೂ ಮುಂದುವರಿಯಿತು. ದೇಶಕ್ಕೆ ವಿದೇಶಿ ಹಣದ ಕೊರತೆಯಿದ್ದುದರಿಂದ ತಯಾರಾದ ಕಾರುಗಳಲ್ಲಿ ಬಹುಪಾಲು ಹಡಗು ಹತ್ತುತ್ತಿದ್ದವು. ಇಂಥ ಬರಗಾಲದಲ್ಲಿ ಹುಟ್ಟಿದ ಕೂಸಾದರೂ ಅದು ಚೆನ್ನಾಗಿ ಬೆಳೆಯಿತು. ಆಸ್ಟಿನ್ ಮತ್ತು ಮಾರಿಸ್ ಸಂಸ್ಥೆಗಳು ಒಂದಾದ 1952ರಲ್ಲಿ 803 ಘನ ಸೆಂಟಿಮೀಟರಿನ ಹೊಸ ಎಂಜಿನ್, 1956ರಲ್ಲಿ 948ರದು, 1962ರಲ್ಲಿ 1098ರದು ಬಂದವು. 1961ರ ಆರಂಭದ ಹೊತ್ತಿಗೆ ಮೈನರಿನ ಸಂಖ್ಯೆ 10 ಲಕ್ಷವನ್ನು ಮುಟ್ಟಿತು. ಆ ಗಡಿಯನ್ನು ದಾಟಿದ ಮೊದಲ ಬ್ರಿಟಿಷ್ ಕಾರು ಇದೇ. 1970ರ ದಶಕದ ಆರಂಭದಲ್ಲಿ ತಯಾರಿಕೆ ನಿಲ್ಲುವಷ್ಟರಲ್ಲಿ ಸುಮಾರು 16 ಲಕ್ಷ ಕಾರುಗಳು ಹೊರಬಂದಿದ್ದವು. ಹಳ್ಳಿಯ ದಾದಿ, ಪೊಲೀಸಿನವನು, ಅಂಚೆಯವನು ಎಲ್ಲರೂ ಅದರಲ್ಲಿ ಓಡಾಡಿದರು.

ಇನ್ನು ಅದರ ಒಡೆತನದ ಸಂತೋಷಕ್ಕೆ ಬರೋಣ. ಮೊದಲನೆಯದು, ಇಡೀ ಗಾಡಿ ತನಗೆ ಅರ್ಥವಾಗುತ್ತದೆ ಎಂಬ ಸಂತೋಷ. ಬಾನೆಟ್ಟನ್ನು ಎತ್ತಿದರೆ ಎಂಜಿನಿನ ಎರಡು ಪಕ್ಕದಲ್ಲಿಯೂ ಕೈಯಾಡಿಸಲು ಧಾರಾಳ ಸ್ಥಳವಿದೆ. ಬಗ್ಗಿ ನೋಡಿದರೆ ಕೆಳಗಿನ ನೆಲವೂ ಕಾಣುತ್ತದೆ. ಕಾರ್ಬುರೇಟರ್ ಇಲ್ಲಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಅಲ್ಲಿ ಎಂದು ಹೈಸ್ಕೂಲಿನ ಹುಡುಗನೂ ಬೆರಳಿಟ್ಟು ತೋರಿಸಬಲ್ಲ. ನಾಲ್ಕಾರು ಸ್ಪ್ಯಾನರು, ಒಂದು ತಿರುಪುಳಿ, ಒಂದಿಷ್ಟು ತಾಳ್ಮೆ ಇದ್ದರೆ ಭಾನುವಾರದ ಬೆಳಗಿನಲ್ಲಿ ಬಹುಪಾಲು ಕೆಲಸ ಮುಗಿಯುತ್ತದೆ. ಬ್ಯಾಟರಿ ಮುನಿಸಿಕೊಂಡಿತೋ, ಮುಂದುಗಡೆ ಹ್ಯಾಂಡಲ್ ಹಾಕಿ ತಿರುಗಿಸಬಹುದು. ಇಂದಿನ ಕಾರು ಕೆಟ್ಟರೆ ಅದನ್ನು ಗಣಕಕ್ಕೆ ತಗುಲಿಸಿ ರೋಗ ಕೇಳಬೇಕು. ಮೈನರ್ ತನ್ನ ರೋಗವನ್ನು ತಾನೇ ಹೇಳುತ್ತದೆ, ಕಿವಿಗೊಡುವವನಿರಬೇಕು ಅಷ್ಟೆ.

ಎರಡನೆಯದು ಉಪಚಾರದ ಸಂತೋಷ. ಮುಂದಿನ ಚಕ್ರಗಳನ್ನು ಹಿಡಿದಿರುವ ಕೀಲುಗಳಿಗೆ ಕೆಲವು ಸಾವಿರ ಮೈಲಿಗೊಮ್ಮೆ ತಪ್ಪದೆ ಗ್ರೀಸು ತುಂಬಬೇಕು. ಮರೆತರೆ ಕೀಲು ಸವೆದು ಒಂದು ದಿನ ಚಕ್ರವೇ ಮುರಿದು ಬೀಳಬಹುದು. ಬ್ರೇಕಿನ ಎಣ್ಣೆಯ ಡಬ್ಬಿ ಇರುವುದು ಚಾಲಕನ ಕಾಲಡಿಯ ನೆಲದಲ್ಲಿ. ಕಂಬಳಿ ಸರಿಸಿ, ಬಿರಡೆ ಬಿಚ್ಚಿ, ಬಗ್ಗಿ ನೋಡಬೇಕು. ಟ್ರಾವೆಲರ್ ಎಂಬ ಮಾದರಿ 1953ರಲ್ಲಿ ಬಂದಿತು. ಅದರ ಹಿಂಭಾಗದ ಚೌಕಟ್ಟು ಆಷ್ ಎಂಬ ಮರದ್ದು. ಅಲಂಕಾರಕ್ಕೆ ಹೊಡೆದ ಪಟ್ಟಿಯಲ್ಲ, ದೇಹದ ಭಾರವನ್ನು ನಿಜವಾಗಿ ಹೊರುವ ಮರ. ಕಾಲಕಾಲಕ್ಕೆ ವಾರ್ನಿಷು ಹಚ್ಚದಿದ್ದರೆ ಮಳೆಯ ನಾಡಿನಲ್ಲಿ ಅದರ ಮೇಲೆ ಹಾವಸೆ ಬೆಳೆಯುತ್ತದೆ. ಕಾರನ್ನು ಇಟ್ಟುಕೊಂಡವನು ಬಡಗಿಯೂ ಆಗಬೇಕಾದ ವಿನೋದವಿದು! ತೊಂದರೆಗಳೆಂದು ಕಾಣುವ ಇವೆಲ್ಲ ಹಸುವಿಗೆ ಹುಲ್ಲು ಹಾಕಿ ಮೈತೊಳೆಯುವವನಿಗೆ ತೊಂದರೆಯೆನಿಸುವುದಿಲ್ಲ. ಆರೈಕೆಯಿಂದಲೇ ಅಕ್ಕರೆ ಹುಟ್ಟುತ್ತದೆ.

ಮೂರನೆಯದು ನಿಧಾನದ ಸಂತೋಷ. ಇಳಿಜಾರಿನಲ್ಲಿ ಕಾಲು ತೆಗೆದಾಗ ಹೊಗೆಕೊಳವೆಯಿಂದ ಹೊರಡುವ ಗುಳುಗುಳು ಸದ್ದನ್ನು ಕೇಳಿಯೇ ಬಲ್ಲವರು ಮೈನರ್ ಬಂದಿತೆನ್ನುತ್ತಾರೆ. 1961ಕ್ಕೆ ಮುಂಚಿನ ಗಾಡಿಗಳಲ್ಲಿ ತಿರುವು ಬಂದಾಗ ಬಾಗಿಲಿನ ಹಿಂದಿನಿಂದ ದೀಪದ ಪುಟ್ಟ ಕೈಯೊಂದು ಹೊರಚಾಚಿ ದಿಕ್ಕು ತೋರಿಸುತ್ತದೆ. ಗಂಟೆಗೆ 40 ಮೈಲಿಯಲ್ಲಿ ಹೋಗುವವನಿಗೆ ಬೇಲಿಯ ಹೂವೂ ಕಾಣುತ್ತದೆ, ಎದುರು ಬಂದವನ ಮುಗುಳುನಗೆಯೂ ಕಾಣುತ್ತದೆ.

ಈ ಸಂತೋಷಕ್ಕೆ ಬೆಲೆಯೂ ಇದೆ. ತುಕ್ಕು ಮೈನರಿನ ಹುಟ್ಟುಶತ್ರು. ಹೊರಗೆ ಬಣ್ಣ ಮಿರುಗುತ್ತಿದ್ದರೂ ಒಳಗಿನ ತಗಡು ಜರಡಿಯಾಗಿರಬಹುದು. ಡ್ರಮ್ಮಿನ ಬ್ರೇಕು ಇಂದಿನ ಹೆದ್ದಾರಿಯ ಓಟಕ್ಕೆ ಸಾಲದು; ಡಿಕ್ಕಿಯಾದರೆ ಇಂದಿನ ಕಾರಿನ ರಕ್ಷಣೆ ಅದರಲ್ಲಿಲ್ಲ. ಬರಿಯ ಮೋಹದಿಂದ ಕೊಂಡು ಆರೈಕೆಯಲ್ಲಿ ಸೋಮಾರಿಯಾಗುವವನಿಗೆ ಅದು ತಕ್ಕ ಗಾಡಿಯಲ್ಲ.

ಆದರೂ ಇದರಲ್ಲಿ ವಿನೋದಕ್ಕಿಂತ ಮಿಗಿಲಾದ ವಿಚಾರವೊಂದು ಅಡಗಿದೆ. 1970ರ ದಶಕದಲ್ಲಿ ಬಾತ್ ನಗರದ ಚಾರ್ಲ್ಸ್ ವೇರ್ ಎಂಬಾತ ಮೈನರುಗಳನ್ನು ದುರಸ್ತಿ ಮಾಡುವ ಕೇಂದ್ರವನ್ನು ತೆರೆದನು. ಹೊಸ ಕಾರಿನ ಬೆಲೆ ಕೊಂಡ ದಿನದಿಂದಲೇ ಕರಗತೊಡಗುತ್ತದೆ. ಹಳೆಯ ಕಾರಿಗೆ ವರ್ಷವರ್ಷವೂ ಸ್ವಲ್ಪ ಸ್ವಲ್ಪ ಖರ್ಚು ಮಾಡಿ ಉಳಿಸಿಕೊಂಡರೆ ಅದು ಒಡೆಯನ ಆಯುಷ್ಯವಿಡೀ ಬಾಳುತ್ತದೆ ಎಂಬುದು ಅವನ ವಾದ. 1982ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದನು. ಮೈನರ್ ಬಹುಕಾಲ ಬಳಕೆಯಲ್ಲಿದ್ದ ಶ್ರೀಲಂಕಾದಲ್ಲಿ, 1990ರ ದಶಕದಲ್ಲಿ, ಇದಕ್ಕೆ ಬೇಕಾದ ಬಿಡಿಭಾಗಗಳ ತಯಾರಿಕೆಯೂ ನಡೆಯಿತು. ಇಂಗ್ಲೆಂಡಿನ ಮುದಿ ಕಾರಿಗೆ ಸಿಂಹಳದ ಕಮ್ಮಾರನ ಕೈ ಆಸರೆಯಾದುದು ಚರಿತ್ರೆಯ ಸೊಗಸುಗಳಲ್ಲೊಂದು.

ನಮಗೂ ಈ ಕಾರು ಅಪರಿಚಿತವಲ್ಲ. ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆ ಮೈನರನ್ನೇ ‘ಬೇಬಿ ಹಿಂದೂಸ್ಥಾನ್’ ಎಂಬ ಹೆಸರಿನಿಂದ ನಮ್ಮ ದೇಶದಲ್ಲಿ ತಂದಿತ್ತು. 2014ರವರೆಗೂ ತಯಾರಾದ ನಮ್ಮ ಅಂಬಾಸಿಡರ್ ಕೂಡ ಮಾರಿಸ್ ಮನೆತನದ ಆಕ್ಸ್‌ಫರ್ಡ್ ಕಾರಿನ ಸಂತಾನವೇ. 2021ರಲ್ಲಿ ಭಾರತ ಸರ್ಕಾರ 50 ವರ್ಷ ದಾಟಿದ ಮೂಲರೂಪದ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ನಿಯಮಗಳನ್ನು ರೂಪಿಸಿತು. ಧರ್ಮಸ್ಥಳದ ಸಂಗ್ರಹದಲ್ಲಿ ಹಳೆಯ ಕಾರುಗಳನ್ನು ನೋಡಿ ಬೆರಗಾದವರು ನಮ್ಮಲ್ಲಿ ಅನೇಕರಿದ್ದಾರೆ. ನೋಡುವ ಆನಂದ ದೊಡ್ಡದೇ. ಆದರೆ ಅಜ್ಜ ಕೊಂಡ ಪುಟ್ಟ ಗಾಡಿಗೆ ಮೊಮ್ಮಗಳು ಗ್ರೀಸು ತುಂಬಿ, ಮನೆಮಂದಿಯನ್ನು ಕೂರಿಸಿಕೊಂಡು ಪಕ್ಕದೂರಿನ ಜಾತ್ರೆಗೆ ಹೋಗಿಬರುವ ಆನಂದ ಬೇರೆಯೇ ಬಗೆಯದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ನಾವು ಬಡವನಿಗೆ ಹೇಳುವ ಬುದ್ಧಿಮಾತೆಂದು ತಿಳಿದಿದ್ದೇವೆ. ಅದರಲ್ಲಿ ಸಂತೋಷದ ಗುಟ್ಟೂ ಇದೆ. ತನ್ನ ಬುದ್ಧಿಗೆ ನಿಲುಕುವ, ತನ್ನ ಕೈಯಿಂದ ಸರಿಪಡಿಸಬಹುದಾದ, ತನ್ನ ಸಂಪಾದನೆಗೆ ಭಾರವಾಗದ ವಸ್ತುವಿಗೆ ಮಾತ್ರ ಮನುಷ್ಯನು ನಿಜವಾಗಿ ಒಡೆಯನಾಗಬಲ್ಲನು. ಉಳಿದವುಗಳಿಗೆ ಅವನು ಬರಿಯ ಗಿರಾಕಿ.