ತೀರ್ಪುಗಾರರ ಅಧಿಕಾರ ಮತ್ತು ಪ್ರಾಯೋಗಿಕ ವಿಡಿಯೊ ಗೇಮ್: 2007ರ ಸ್ಲ್ಯಾಮ್‌ಡ್ಯಾನ್ಸ್ ಪ್ರಕರಣದ ಮರುಪರಿಶೀಲನೆ

ಸ್ವತಂತ್ರ ವಿಡಿಯೊ ಗೇಮ್ ಪ್ರಶಸ್ತಿಗಳ ಇತಿಹಾಸದಲ್ಲಿ 2007ರ ಜನವರಿ ಒಂದು ತಿರುವು ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅದು ಎಂಥ ತಿರುವು ಎಂಬ ವಿಚಾರದಲ್ಲಿ ಮಾತ್ರ ಬಹುಮಂದಿ ಎಡವಿದ್ದಾರೆ. ಅಮೆರಿಕದ ಯೂಟಾ ರಾಜ್ಯದ ಪಾರ್ಕ್ ಸಿಟಿಯಲ್ಲಿ ಸೇರುತ್ತಿದ್ದ ಸ್ಲ್ಯಾಮ್‌ಡ್ಯಾನ್ಸ್ ಚಿತ್ರೋತ್ಸವಕ್ಕೆ 'ಗೆರಿಲ್ಲಾ ಗೇಮ್‌ಮೇಕರ್' ಎಂಬ ಸ್ಪರ್ಧೆಯೂ ಹೊಂದಿಕೊಂಡಿತ್ತು. ಅದರ ಅಂತಿಮ ಸುತ್ತಿಗೆ ಆಯ್ಕೆಯಾಗಿದ್ದ 'ಸೂಪರ್ ಕೊಲಂಬೈನ್ ಮ್ಯಾಸಕರ್ ಆರ್‌ಪಿಜಿ' ಎಂಬ ಗೇಮನ್ನು ಉತ್ಸವದ ಸಂಸ್ಥಾಪಕರಲ್ಲಿ ಒಬ್ಬರಾದ ಪೀಟರ್ ಬ್ಯಾಕ್ಸ್‌ಟರ್ ಪಟ್ಟಿಯಿಂದ ತೆಗೆದುಹಾಕಿದರು. ಕೊಲರಾಡೊದ ಕೊಲಂಬೈನ್ ಪ್ರೌಢಶಾಲೆಯಲ್ಲಿ 1999ರ ಏಪ್ರಿಲ್‌ನಲ್ಲಿ ನಡೆದ ಹತ್ಯಾಕಾಂಡವನ್ನು ಕೊಲೆಗಾರರಿಬ್ಬರ ಕಡೆಯಿಂದ ಆಡಿಸುವ ಈ ಗೇಮನ್ನು ಡ್ಯಾನಿ ಲೆಡೋನ್ ಒಬ್ಬರೇ ತಯಾರಿಸಿ 2005ರಲ್ಲಿ ಉಚಿತವಾಗಿ ಹಂಚಿದ್ದರು. ಅದನ್ನು ಕೈಬಿಟ್ಟ ಸುದ್ದಿ ಹೊರಬಿದ್ದೊಡನೆ 'ಬ್ರೇಡ್', 'ಫ್ಲೋ', 'ಎವೆರಿಡೇ ಶೂಟರ್', 'ಕ್ಯಾಸಲ್ ಕ್ರಾಷರ್ಸ್' ಮುಂತಾದ ಗೇಮ್‌ಗಳ ನಿರ್ಮಾತೃಗಳು ಸ್ಪರ್ಧೆಯಿಂದ ಹಿಂದೆ ಸರಿದರು. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇಂಟರಾಕ್ಟಿವ್ ಮೀಡಿಯಾ ವಿಭಾಗವು ಪ್ರಾಯೋಜಕತ್ವವನ್ನು ಹಿಂತೆಗೆದುಕೊಂಡಿತು.

ಇದನ್ನು ಅಭಿವ್ಯಕ್ತಿ ಸ್ವಾತಂತ್ರ್ಯದ ಹೋರಾಟವೆಂದು ಓದುವುದು ರೂಢಿ. ದಿಟ್ಟ ಕೃತಿಯೊಂದನ್ನು ಹತ್ತಿಕ್ಕಲಾಯಿತು, ಸಹಕಲಾವಿದರು ಅದರ ಬೆನ್ನಿಗೆ ನಿಂತರು ಎಂಬ ಈ ಕಥನ ಕೇಳಲು ಹಿತವಾಗಿದೆ. ಆದರೆ ಅಂದಿನ ಹೇಳಿಕೆಗಳನ್ನು ಓದಿದವರು ಅದನ್ನು ಒಪ್ಪುವುದು ಕಷ್ಟ. ಮೊದಲಿಗೆ ಹಿಂದೆ ಸರಿದವರು 'ಬ್ರೇಡ್' ನಿರ್ಮಿಸಿದ ಜೊನಾಥನ್ ಬ್ಲೋ. ಲೆಡೋನ್ ಅವರ ಗೇಮ್ ತಮಗೆ ಹಿಡಿಸಿಲ್ಲ, ಅದರಲ್ಲಿ ಅನುಕಂಪದ ಕೊರತೆಯಿದೆ, ಅದಕ್ಕೆ ಜೋಡಿಸಿದ ಕಲಾವಿದನ ಟಿಪ್ಪಣಿಯಲ್ಲಿ ಪ್ರಾಮಾಣಿಕತೆ ಕಾಣುವುದಿಲ್ಲ ಎಂದು ಅವರು ಬಹಿರಂಗವಾಗಿಯೇ ತಿಳಿಸಿದ್ದರು. ಇಷ್ಟಾದರೂ ಅದು ಗಂಭೀರ ಯೋಚನೆಗೆ ಹಚ್ಚುತ್ತದೆ ಎಂಬುದು ಅವರ ಮತವಾಗಿತ್ತು. ಕೃತಿಯನ್ನು ಮೆಚ್ಚದವನೇ ಅದಕ್ಕಾಗಿ ತನ್ನ ಸ್ಪರ್ಧೆಯನ್ನು ಬಿಟ್ಟುಕೊಟ್ಟಿದ್ದಾನೆ ಎಂದಮೇಲೆ ವಿವಾದವು ಆ ಕೃತಿಯ ಗುಣದೋಷಗಳದ್ದಾಗಿರಲಿಲ್ಲ. ಯೋಗ್ಯವೆಂದು ಆರಿಸಿದವರ ತೀರ್ಮಾನವನ್ನು ಸಂಘಟಕರು ಅಳಿಸಬಹುದೇ ಎಂಬುದೇ ಅಲ್ಲಿನ ಪ್ರಶ್ನೆ. ಬ್ಲೋ ಅವರ ಹೇಳಿಕೆಯಿಂದ ಹೊಗಳಿಕೆಯ ಭಾಗವನ್ನಷ್ಟೇ ಹೆಕ್ಕಿ, ಟೀಕೆಯನ್ನು ಬದಿಗೆ ಸರಿಸುವವರು ಆಧಾರವನ್ನೇ ವಿರೂಪಗೊಳಿಸುತ್ತಾರೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು, ಅದು ಹಗುರವಾದುದಲ್ಲ. 2006ರಲ್ಲೇ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್ (ಐಜಿಎಫ್) 'ಬ್ರೇಡ್'ನ ವಿನ್ಯಾಸದ ಹೊಸತನಕ್ಕೆ ಪ್ರಶಸ್ತಿ ಕೊಟ್ಟಿತ್ತು. 'ಫ್ಲೋ' ಮುಂದಿನ ತಿಂಗಳೇ ಪ್ಲೇಸ್ಟೇಷನ್ 3ಕ್ಕೆ ಬರುವುದಿತ್ತು. ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲದವರ ತ್ಯಾಗಕ್ಕೆ ಬೆಲೆಯೆಷ್ಟು? ಈ ಇಬ್ಬರ ಮಟ್ಟಿಗೆ ಆಕ್ಷೇಪವನ್ನು ಒಪ್ಪಬೇಕು. ಜೊನಾಥನ್ ಮ್ಯಾಕ್ ಅವರ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಅವರ 'ಎವೆರಿಡೇ ಶೂಟರ್'ಗೆ ಐಜಿಎಫ್ ಮನ್ನಣೆ ದೊರೆತದ್ದು 2007ರ ಮಾರ್ಚ್‌ನಲ್ಲಿ. ಜನವರಿಯಲ್ಲಿ ಹಿಂದೆ ಸರಿಯುವಾಗ ಆ ಫಲಿತಾಂಶ ಅವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ.

ಇನ್ನೊಂದು ಆಧಾರ ಉತ್ಸವದ ಒಳಗಿನದೇ. ಸಾಕ್ಷ್ಯಚಿತ್ರ ವಿಭಾಗದ ತೀರ್ಪುಗಾರರಲ್ಲಿ ಒಬ್ಬರಾದ ಬ್ರಯಾನ್ ಫ್ಲೆಮಿಂಗ್, ಕೈಬಿಟ್ಟ ಗೇಮ್‌ಗೆ ತಮ್ಮ ವಿಭಾಗದಿಂದಲೇ ವಿಶೇಷ ಪ್ರಶಸ್ತಿ ಕೊಡಿಸಲು ಮುಂದಾದರು. ಸಂಘಟಕರು ಅದನ್ನೂ ತಡೆದರು. ಆಗ ಮುಂದೆ ಬಂದದ್ದು ಗೇಮ್‌ನಲ್ಲಿ ಬಳಸಿದ ಸಂಗೀತದ ಹಕ್ಕುಗಳ ಪ್ರಶ್ನೆ. ಪ್ರಾಯೋಜಕರು ದೂರವಾಗುವ ಭೀತಿ, ನೈತಿಕ ಹೊಣೆ, ಮೊಕದ್ದಮೆಯ ಅಪಾಯ ಎಂಬ ಕಾರಣಗಳೂ ಬೇರೆ ಬೇರೆ ಸಂದರ್ಭಗಳಲ್ಲಿ ಕೇಳಿಬಂದಿವೆ. ಇವುಗಳಲ್ಲಿ ನಿಜವಾದ ಕಾರಣ ಯಾವುದು ಎಂದು ಪುಟಗಟ್ಟಲೆ ಚರ್ಚಿಸಿದವರಿದ್ದಾರೆ. ಆ ಶ್ರಮ ಹೆಚ್ಚು ಫಲ ಕೊಟ್ಟಿಲ್ಲ. ಕಾರಣ ಯಾವುದಾದರೂ ಎರಡು ಬಾರಿಯೂ ಮಣಿದದ್ದು ತೀರ್ಪುಗಾರರೇ.

ಕನ್ನಡ ಓದುಗರಿಗೆ ಇಲ್ಲಿ 'ಸಂಸ್ಕಾರ' ಚಿತ್ರ ನೆನಪಾಗುವುದು ಸಹಜ. ಪಟ್ಟಾಭಿರಾಮ ರೆಡ್ಡಿ ನಿರ್ದೇಶಿಸಿದ ಆ ಚಿತ್ರವನ್ನು ಮದರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿಯಿತು; ತಡೆ ತೆರವಾದ ಮೇಲೆ 1970ರ ಸಾಲಿನ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಸಂದಿತು. ಆದರೆ ಈ ಎರಡನ್ನೂ ದಮನದ ಕಥೆಗಳೆಂದು ಒಂದೇ ಸಾಲಿಗೆ ಸೇರಿಸಿದರೆ ಮುಖ್ಯ ವ್ಯತ್ಯಾಸವೇ ಕೈತಪ್ಪುತ್ತದೆ. ಸೆನ್ಸಾರ್ ಮಂಡಳಿ, ಪ್ರಶಸ್ತಿ ಸಮಿತಿ ಎರಡೂ ಕೇಂದ್ರ ಸರ್ಕಾರದ ವ್ಯವಸ್ಥೆಯವೇ ಆದರೂ ಬೇರೆ ಬೇರೆ ಕೈಗಳಲ್ಲಿದ್ದವು. ತಡೆಯುವವರು ಬೇರೆ, ಅಳೆಯುವವರು ಬೇರೆ ಆಗಿದ್ದರಿಂದಲೇ ಆ ಮನ್ನಣೆ ಸಾಧ್ಯವಾಯಿತು. ಸ್ಲ್ಯಾಮ್‌ಡ್ಯಾನ್ಸ್‌ನಲ್ಲಿ ಎರಡೂ ಅಧಿಕಾರ ಒಂದೇ ಕಡೆ ಸೇರಿದ್ದವು.

ಈ ಹಿನ್ನೆಲೆಯಲ್ಲಿ ಐಜಿಎಫ್‌ನ ಮುಂದಿನ ಹೆಜ್ಜೆಗಳನ್ನು ಗಮನಿಸಬೇಕು. 1998ರಲ್ಲಿ ಸ್ಥಾಪನೆಯಾಗಿ 1999ರಲ್ಲಿ ಮೊದಲ ಪ್ರಶಸ್ತಿಗಳನ್ನು ಕೊಟ್ಟ ಈ ಉತ್ಸವವು 2000ದಲ್ಲಿ 'ಟ್ರೆಡ್ ಮಾರ್ಕ್ಸ್' ಗೇಮ್‌ಗೆ ಅಗ್ರ ಪ್ರಶಸ್ತಿ ಪಡೆದು, ಅದೇ ತಿಂಗಳು 21ರ ವಯಸ್ಸಿನಲ್ಲಿ ಕ್ಯಾನ್ಸರಿಗೆ ಬಲಿಯಾದ ಶೇಮಸ್ ಮೆಕ್‌ನಾಲಿಯ ಹೆಸರನ್ನೇ ಆ ಪ್ರಶಸ್ತಿಗೆ ಇಟ್ಟಿತು. ಆರಂಭದಿಂದ ಅದರ ಬಹುಮಾನಗಳು ಹೆಚ್ಚಾಗಿ ವಿನ್ಯಾಸ, ಚಿತ್ರ, ಧ್ವನಿ, ತಂತ್ರಜ್ಞಾನ ಎಂಬ ಕುಶಲತೆಯ ವಿಭಾಗಗಳಲ್ಲೇ ಹಂಚಿಹೋಗುತ್ತಿದ್ದವು. ಪ್ರಯೋಗಶೀಲತೆಗೆ ಪ್ರತ್ಯೇಕ ಪ್ರಶಸ್ತಿಯೂ ಅದಕ್ಕೆಂದೇ ಪ್ರತ್ಯೇಕ ತೀರ್ಪುಗಾರರೂ ಬಂದದ್ದು 2009ರಲ್ಲಿ. ಮರುವರ್ಷದಿಂದ ಅದು 'ನುವೊ ಪ್ರಶಸ್ತಿ' ಎನಿಸಿತು. 2009ರಲ್ಲಿ, ಮೊದಲ ಬಾರಿ ಅದನ್ನು ಪಡೆದದ್ದು ಜೇಸನ್ ರೋರರ್ ಅವರ 'ಬಿಟ್ವೀನ್'. ಸ್ಲ್ಯಾಮ್‌ಡ್ಯಾನ್ಸ್ ಗದ್ದಲವೇ ಇದಕ್ಕೆ ಕಾರಣ ಎಂದು ಸಾಧಿಸುವುದು ಅವಸರವಾದೀತು. ಒಂದರ ನಂತರ ಇನ್ನೊಂದು ಬಂದಿತೆಂಬುದು ಕಾರ್ಯಕಾರಣಕ್ಕೆ ಸಾಕ್ಷಿಯಲ್ಲ. ಆದರೂ ವಿಚಿತ್ರವಾದುದನ್ನು ಅಳೆಯಲು ಅದಕ್ಕೆಂದೇ ಕುಳಿತವರು ಬೇಕು ಎಂಬ ತಿಳಿವಳಿಕೆ ಈ ಏರ್ಪಾಟಿನಲ್ಲಿ ಸ್ಪಷ್ಟವಾಗಿದೆ.

ಅದರ ಫಲವನ್ನು ಪಟ್ಟಿಯಲ್ಲೇ ಕಾಣಬಹುದು. 2012ರಲ್ಲಿ ನುವೊ ಪಡೆದ ಡೇನಿಯಲ್ ಬೆನ್ಮರ್ಗಿ ಅವರ 'ಸ್ಟೋರಿಟೆಲರ್' ಮಾರುಕಟ್ಟೆಗೆ ಬಂದದ್ದು 2023ರಲ್ಲಿ. ಮಾರಾಟವನ್ನು ಅಳತೆಗೋಲು ಮಾಡಿಕೊಂಡ ಯಾವ ಸಮಿತಿಯೂ ಅದನ್ನು ಆರಿಸುತ್ತಿರಲಿಲ್ಲ. 2013ರಲ್ಲಿ ರಿಚರ್ಡ್ ಹೊಫ್‌ಮೈಯರ್ ಅವರ 'ಕಾರ್ಟ್ ಲೈಫ್' ನುವೊ, ಅಗ್ರ ಪ್ರಶಸ್ತಿ ಎರಡನ್ನೂ ಗೆದ್ದಿತು. ಅಂಚಿನದೆಂದು ಪ್ರತ್ಯೇಕಿಸಿದ ವಿಭಾಗದಿಂದಲೇ ವರ್ಷದ ಶ್ರೇಷ್ಠ ಕೃತಿಯೂ ಬಂದಿತ್ತು.

ಭಾರತೀಯ ಸಂದರ್ಭದಲ್ಲಿ ಕುಶಲತೆ ಮತ್ತು ಪ್ರಯೋಗಶೀಲತೆಯ ನಡುವಿನ ಈ ವ್ಯತ್ಯಾಸಕ್ಕೆ ಇನ್ನಷ್ಟು ತೂಕವಿದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್ ಹೊರದೇಶಗಳ ದೊಡ್ಡ ಗೇಮ್‌ಗಳಿಗೆ ಚಿತ್ರಕೆಲಸ ಮಾಡಿಕೊಟ್ಟು ಬೆಳೆಯಿತು. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಕೊಂಡಿತು. ಆ ಗೇಮ್‌ಗಳಿಗೆ ಬಂದ ಪ್ರಶಸ್ತಿಗಳು ಬೆಂಗಳೂರಿನ ಕಲಾವಿದರ ಹೆಸರಿನಲ್ಲಿ ದಾಖಲಾಗಲಿಲ್ಲ. 2012ರಿಂದ ರಾಜ್ಯ ಸರ್ಕಾರ ಅನಿಮೇಷನ್, ಗೇಮಿಂಗ್ ಕ್ಷೇತ್ರಕ್ಕೆ ತಂದ ನೀತಿಗಳ ದೃಷ್ಟಿಯೂ ಮುಖ್ಯವಾಗಿ ಉದ್ಯಮದ ಮೇಲೆ, ಉದ್ಯೋಗದ ಮೇಲೆ ನೆಟ್ಟಿದೆ. ಇತ್ತ ಕೆನಡಾಕ್ಕೆ ವಲಸೆ ಹೋದ ತಮಿಳು ಕುಟುಂಬದ ಅಡುಗೆಮನೆಯನ್ನೇ ವಸ್ತುವಾಗಿಸಿದ, ಟೊರಾಂಟೊದ ವಿಸೈ ಗೇಮ್ಸ್‌ನ 'ವೆಣ್ಬಾ' 2024ರಲ್ಲಿ ಐಜಿಎಫ್‌ನ ಮೆಕ್‌ನಾಲಿ ಪ್ರಶಸ್ತಿಯನ್ನೂ, ಚೊಚ್ಚಲ ಕೃತಿಗಾಗಿ ಬಾಫ್ಟಾವನ್ನೂ ಪಡೆಯಿತು. ಅದನ್ನು ದಕ್ಷಿಣ ಭಾರತದ ಉದ್ಯಮದ ಗೆಲುವೆಂದು ಬರೆದುಕೊಳ್ಳುವುದು ಸಲ್ಲ. ಆ ಉದ್ಯಮದ ಹೊರಗೆ, ಒಂದು ಸಣ್ಣ ತಂಡ ತನ್ನ ಭಾಷೆ ಮತ್ತು ಮನೆಯ ಅನುಭವದಿಂದ ಕಟ್ಟಿದ ಕೃತಿಯದು.