ಸುಳ್ಳು ಬೇನೆ, ನಿಜ ಬೇನೆ

ಹೆರಿಗೆಯ ಇತಿಹಾಸವನ್ನು ನಾವು ಹೆಚ್ಚಾಗಿ ವೈದ್ಯರ ಇತಿಹಾಸವೆಂದೇ ಓದುತ್ತೇವೆ. ಆದರೆ ಅದರ ಮೊದಲ ಪ್ರಶ್ನೆ ಆಸ್ಪತ್ರೆಗಳಿಗಿಂತ ಎಷ್ಟೋ ಹಳೆಯದು: ಬಂದಿರುವ ಬೇನೆ ನಿಜವೋ, ಸುಳ್ಳೋ? ಈ ಪ್ರಶ್ನೆಗೆ ಸಿಕ್ಕ ತಪ್ಪು ಉತ್ತರವೇ ಒಬ್ಬ ಮಹಿಳೆಯನ್ನು ಸೂಲಗಿತ್ತಿಯಾಗಿಸಿತು.

ಯುಸ್ಟೀನೆ ಸೀಗೆಮುಂಡ್ 1636ರಲ್ಲಿ ಸೈಲೀಸಿಯಾ ಪ್ರಾಂತದಲ್ಲಿ, ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದರು. ಆ ಪ್ರದೇಶದ ಬಹುಭಾಗ ಈಗ ಪೋಲೆಂಡಿನಲ್ಲಿದೆ. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ, ಇಪ್ಪತ್ತರ ಆಸುಪಾಸಿನ ಪ್ರಾಯ. ಆಕೆ ಗರ್ಭಿಣಿಯೆಂದೂ, ಬಂದಿರುವುದು ಹೆರಿಗೆಯ ಬೇನೆಯೆಂದೂ ಸೂಲಗಿತ್ತಿಯರು ತೀರ್ಮಾನಿಸಿದರು. ಹೆರುವಂತೆ ಆಕೆಯನ್ನು ಹಿಂಸಿಸಿದರು. ಮಗು ಇದ್ದರಲ್ಲವೇ ಹುಟ್ಟುವುದು! ಆಕೆಗಿದ್ದದ್ದು ಗರ್ಭಕೋಶ ಕೆಳಜಾರಿದ ಕಾಯಿಲೆ. ಸಾವಿನಂಚಿಗೆ ಹೋಗಿ ಬಂದ ಆಕೆ ಬಳಿಕ ಹೆರಿಗೆಗೆ ಸಂಬಂಧಿಸಿದ ಪುಸ್ತಕಗಳನ್ನು ಓದತೊಡಗಿದರು. ಮಕ್ಕಳಾಗಲಿಲ್ಲ.

1659ರ ಸುಮಾರಿಗೆ ಕಷ್ಟದ ಹೆರಿಗೆಯೊಂದಕ್ಕೆ ಆಕೆಗೆ ಕರೆ ಬಂತು. ಮಗುವಿನ ಕೈ ಮೊದಲು ಹೊರಬಂದಿತ್ತು. ಮಗು ಉಳಿಯಿತು. ಅಲ್ಲಿಂದ ಬಡ ರೈತರ ಮನೆಗಳಲ್ಲಿ ಹಣ ಪಡೆಯದೆ ಹೆರಿಗೆ ಮಾಡಿಸಿದರು. ಕೊನೆಗೆ ಬರ್ಲಿನ್‌ನಲ್ಲಿ ಬ್ರಾಂಡೆನ್‌ಬುರ್ಗ್ ಅರಮನೆಯ ಸೂಲಗಿತ್ತಿಯಾದರು. ಹೆರಿಗೆಯನ್ನು ಅಪಾಯಕರವಾಗಿ ಅವಸರಿಸುತ್ತಾರೆಂದು ವೈದ್ಯರೊಬ್ಬರು ದೂರಿದ್ದೂ ಉಂಟು. 1690ರಲ್ಲಿ ಆಕೆ ಪ್ರಕಟಿಸಿದ ಪುಸ್ತಕ ಇಬ್ಬರು ಸೂಲಗಿತ್ತಿಯರ ಸಂಭಾಷಣೆಯ ರೂಪದಲ್ಲಿದೆ. ಹೊಟ್ಟೆಯ ಮೇಲೆ ಕೈಯಿಟ್ಟು ಊಹಿಸಿದರೆ ಸಾಲದು, ಗರ್ಭಕೋಶದ ಬಾಯಿಯನ್ನೇ ಬೆರಳಿನಿಂದ ಮುಟ್ಟಿ ತಿಳಿಯಬೇಕು ಎಂಬುದು ಆಕೆಯ ಪಾಠದ ತಿರುಳು. ಆ ಪಾಠ ಯಾರ ದೇಹದ ಬೆಲೆ ತೆತ್ತು ಬಂತೆಂಬುದು ಓದುಗರಿಗೆ ಗೊತ್ತೇ ಇದೆ. ಆಕೆ 1705ರಲ್ಲಿ ತೀರಿಕೊಂಡಾಗ, ಸುಮಾರು 6,200 ಮಕ್ಕಳು ಆಕೆಯ ಕೈಯಲ್ಲಿ ಹುಟ್ಟಿದ್ದರೆಂದು ಹೇಳಲಾಯಿತು.

ಹೊಟ್ಟೆ ಆಗಾಗ ಬಿಗಿಯಾಗಿ ಸಡಿಲವಾಗುವುದಕ್ಕೆ ಇಂದು ನಾವು ಬಳಸುವ ಹೆಸರು ಮಾತ್ರ ಒಬ್ಬ ಪುರುಷನದು. ಲಂಡನ್ನಿನ ವೈದ್ಯ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ 1872ರ ಲೇಖನದಲ್ಲಿ, ಗರ್ಭಕೋಶ ಗರ್ಭಾವಸ್ಥೆಯುದ್ದಕ್ಕೂ ಹೀಗೆ ಬಿಗಿಯುತ್ತದೆ ಎಂದು ವಿವರಿಸಿದರು. ಅವರ ಆಸಕ್ತಿ ಇದ್ದದ್ದು ಗರ್ಭವನ್ನು ಗುರುತಿಸುವುದರಲ್ಲಿ. ಹೊಟ್ಟೆಯಲ್ಲಿರುವುದು ಗಡ್ಡೆಯಲ್ಲ, ಗರ್ಭ ಎಂದು ಹೇಳಲು ಈ ಬಿಗಿತ ಒಂದು ಸಾಕ್ಷಿ. ಕೋಟ್ಯಂತರ ಹೆಂಗಸರು ತಮ್ಮ ಮೈಯಲ್ಲೇ ಅರಿತಿದ್ದ ಸಂಗತಿಗೆ ಹೀಗೆ ನಾಮಕರಣವಾಯಿತು.

ಹಾಗಾದರೆ ವ್ಯತ್ಯಾಸವೇನು? ಸುಳ್ಳು ಬೇನೆಗೆ ಲೆಕ್ಕವಿಲ್ಲ. ಬರುತ್ತದೆ, ನಿಲ್ಲುತ್ತದೆ, ನೀರು ಕುಡಿದರೆ, ಮಗ್ಗುಲು ಬದಲಿಸಿದರೆ, ನಾಲ್ಕು ಹೆಜ್ಜೆ ನಡೆದರೆ ತಗ್ಗುತ್ತದೆ. ನಿಜ ಬೇನೆ ಹಠಮಾರಿ. ಅದರ ನಡುವಿನ ಅಂತರ ಕಿರಿದಾಗುತ್ತಾ, ಬಿಗಿತ ದೀರ್ಘವಾಗುತ್ತಾ ಹೋಗುತ್ತದೆ. ಹಲವರಿಗೆ ಸೊಂಟದಿಂದ ಹೊಟ್ಟೆಗೆ ಹಬ್ಬುತ್ತದೆ. ಆದರೂ ಕೊನೆಯ ತೀರ್ಪು ಗರ್ಭಕೋಶದ ಬಾಯಿಯದೇ: ಅದು ತೆಳುವಾಗಿ ತೆರೆದುಕೊಳ್ಳುತ್ತಿದ್ದರೆ ಬೇನೆ ನಿಜ. 37 ವಾರ ತುಂಬುವ ಮುಂಚೆ ಬೇನೆ ಕ್ರಮವಾಗಿ ಬಂದರೆ, ರಕ್ತ ಕಂಡರೆ, ನೀರು ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ನಿಜವೋ ಸುಳ್ಳೋ ಎಂದು ಮನೆಯಲ್ಲಿ ಚರ್ಚಿಸುತ್ತಾ ಕೂರಬಾರದು, ತಕ್ಷಣ ಆಸ್ಪತ್ರೆಗೆ ಹೋಗಬೇಕು.

'ಸುಳ್ಳು' ಎಂಬ ಪದವೇ ನಮಗೆ ಸರಿಕಾಣುವುದಿಲ್ಲ. ಹೆರಿಗೆ ಶುರುವಾಗಿಲ್ಲ ಎಂದರೆ ನೋವೇ ಇಲ್ಲ ಎಂದರ್ಥವಲ್ಲ, ಅವಳು ನಟಿಸುತ್ತಿಲ್ಲ. ಗೆರೆಯೂ ಸ್ಥಿರವಾಗಿಲ್ಲ. ಅಮೆರಿಕದ ಎಮಾನುಯೆಲ್ ಫ್ರೀಡ್‌ಮನ್ 1950ರ ದಶಕದಲ್ಲಿ ಹೆರಿಗೆಯ ವೇಗವನ್ನು ನಕ್ಷೆಯಲ್ಲಿ ಬರೆದ ಬಳಿಕ, ಬಾಯಿ ಸುಮಾರು 4 ಸೆಂಟಿಮೀಟರ್ ತೆರೆದರೆ ಹೆರಿಗೆ ಚುರುಕಾಯಿತೆಂದು ಬಹುಕಾಲ ಎಣಿಸಲಾಯಿತು. ಆ ವೇಗಕ್ಕೆ ಹೊಂದದ ಎಷ್ಟೋ ಹೆಂಗಸರಿಗೆ ಅವಸರದ ಚುಚ್ಚುಮದ್ದು, ಸಿಸೇರಿಯನ್ ಆದವು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆ ಗೆರೆಯನ್ನು 5 ಸೆಂಟಿಮೀಟರ್‌ಗೆ ಸರಿಸಿತು. ಗಂಟೆಗೆ ಒಂದು ಸೆಂಟಿಮೀಟರ್ ತೆರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ, ತಾಯಿ ಮಗು ಚೆನ್ನಾಗಿರುವಾಗ, ಹೆರಿಗೆಯನ್ನು ಅವಸರಿಸಬಾರದೆಂದೂ ಹೇಳಿತು.