ಹಂಗಳದಿಂದ ಗುಂಡ್ಲುಪೇಟೆಗೆ

ಯುರೋಪಿನ ಹಳೆಯ ನಗರಗಳನ್ನು ಕಾಲ್ನಡಿಗೆಯಲ್ಲಿಯೇ ನೋಡಬೇಕೆಂದು ಪ್ರವಾಸಿಗಳು ಹೇಳುವುದುಂಟು. ರೋಮಿನಲ್ಲಿಯೋ ಫ್ಲಾರೆನ್ಸಿನಲ್ಲಿಯೋ ಒಂದು ಹಗಲು ಅಲೆದವರಿಗೆ ಬೀದಿಯ ಕಲ್ಲುಗಳೇ ಚರಿತ್ರೆಯ ಪಾಠ ಹೇಳುತ್ತವಂತೆ. ಅಂಥ ಪಾಠಕ್ಕೆ ಕಡಲು ದಾಟಲೇಬೇಕೆಂದಿಲ್ಲ. ಮೈಸೂರಿನಿಂದ ಉದಕಮಂಡಲಕ್ಕೆ ಹೋಗುವ ಹೆದ್ದಾರಿಯಲ್ಲಿ, ಹಂಗಳದಿಂದ ಗುಂಡ್ಲುಪೇಟೆಯವರೆಗೆ ಒಂದು ಬೆಳಗು ನಡೆದರೂ ಸಾಕು.

ಹಂಗಳವೆಂದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ದಾರಿ ತಿರುಗುವ ಊರು ಎಂಬಷ್ಟೇ ಇಂದು ಹಲವರಿಗೆ ಗೊತ್ತು. ಹದಿನೇಳನೆಯ ಶತಮಾನದಲ್ಲಿ ಇದು ಒಬ್ಬ ರಾಜಕುಮಾರನ ನಿರ್ಬಂಧದ ನೆಲೆಯಾಗಿತ್ತು. ಶ್ರೀರಂಗಪಟ್ಟಣದಲ್ಲಿ ತಂದೆಯ ಸೋದರ ಆಳುತ್ತಿದ್ದಾಗ ಚಿಕ್ಕದೇವರಾಜ ಒಡೆಯರು ಇಲ್ಲಿ ದಿನ ಕಳೆದರು. ಅರಮನೆಯ ವೈಭವವಿಲ್ಲದ ಆ ಕಾಲದಲ್ಲಿ ಅವರಿಗೆ ದೊರೆತದ್ದು ವಿದ್ವಾಂಸರ ಸಹವಾಸ. ಯಳಂದೂರಿನ ಜೈನ ಪಂಡಿತ ವಿಶಾಲಾಕ್ಷ ಅವರ ಒಡನಾಡಿ. ಇವರು ದೊರೆಯಾಗುವರೆಂದು ಆತ ಭವಿಷ್ಯ ನುಡಿದನೆಂದೂ, ಹಾಗಾದರೆ ಆತನೇ ಮಂತ್ರಿಯೆಂದು ಇವರು ಮಾತುಕೊಟ್ಟರೆಂದೂ ವಿಲ್ಕ್ಸನ ಇತಿಹಾಸ ಹೇಳುತ್ತದೆ. 1673ರಲ್ಲಿ ಪಟ್ಟವಾಯಿತು, ಮಾತೂ ನಡೆಯಿತು.

ಬೆಟ್ಟವನ್ನು ಬೆನ್ನಿಗಿಟ್ಟು ಬಡಗಲಿಗೆ ನಡೆದರೆ ಗುಂಡ್ಲುಪೇಟೆ. ಇದರ ಹಳೆಯ ಹೆಸರು ವಿಜಯಪುರ. ಚಿಕ್ಕದೇವರಾಜರ ತಂದೆ ತೀರಿಕೊಂಡದ್ದು ಇಲ್ಲಿಯೇ. ಮಗ ದೊರೆಯಾದ ಮೇಲೆ ಅವರ ನೆನಪಿಗೆ ಪರವಾಸುದೇವರ ಗುಡಿಯನ್ನು ಕಟ್ಟಿಸಿ, ಅಗ್ರಹಾರವನ್ನು ನೆಲೆಗೊಳಿಸಿದರು. ಸಿಂಹಾಸನವೇರಿದ ತಂದೆಗಾಗಿ ಕಟ್ಟಿದ ಗುಡಿಯಲ್ಲ ಇದು, ಸಿಂಹಾಸನ ಕಾಣದೆ ಹೋದ ತಂದೆಗಾಗಿ ಕಟ್ಟಿದ್ದು. ಕಾಲಾಂತರದಲ್ಲಿ ಗುಡಿ ಪಾಳುಬಿದ್ದು, ಅಲ್ಲಿಯ ಮೂರ್ತಿಗಳು ಊರೊಳಗಣ ವಿಜಯನಾರಾಯಣಸ್ವಾಮಿಯ ಆಶ್ರಯಕ್ಕೆ ಬಂದವು.

ಕಲ್ಲಿನ ಕಟ್ಟಡಕ್ಕೆ ಇಲ್ಲದ ಬಾಳಿಕೆ ಅಕ್ಷರಕ್ಕೆ ದಕ್ಕಿತು. ದೊರೆಯ ಗುರುವೂ ಮಂತ್ರಿಯೂ ಆದ ಕವಿ ಚಿಕ್ಕುಪಾಧ್ಯಾಯ ಇದೇ ಸೀಮೆಯ ತೆರಕಣಾಂಬಿಯವನು. ತಿರುಮಲಾರ್ಯ ‘ಅಪ್ರತಿಮವೀರಚರಿತೆ’ಯನ್ನು ಬರೆದ. ಅವನ ತಮ್ಮ ಸಿಂಗರಾರ್ಯನ ‘ಮಿತ್ರವಿಂದಾ ಗೋವಿಂದ’ ಕನ್ನಡದಲ್ಲಿ ನಮಗೆ ಉಳಿದಿರುವ ಮೊದಲ ನಾಟಕ. ಅರಮನೆಯಲ್ಲಿ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಸಾಂಗತ್ಯದಲ್ಲಿ ಹೇಳಿದಳು. ಊಳಿಗದ ಹೆಣ್ಣೊಬ್ಬಳ ಮಾತಿಗೆ ಕಿವಿಗೊಟ್ಟ ಆಸ್ಥಾನ ಅದು.

ಆದರೆ ಅದೇ ಆಸ್ಥಾನ ರೈತರ ಮಾತಿಗೆ ಕಿವಿಗೊಡಲಿಲ್ಲ. ಹೊಸ ತೆರಿಗೆಗಳಿಗೆ ಪ್ರಜೆ ತಿರುಗಿಬಿದ್ದಾಗ ನಂಜನಗೂಡಿನ ಬಳಿ ನೂರಾರು ಜಂಗಮರ ಹತ್ಯೆಯಾಯಿತೆಂದು ವಿಲ್ಕ್ಸನೇ ಬರೆದಿದ್ದಾನೆ. ಮಂತ್ರಿ ವಿಶಾಲಾಕ್ಷನೂ ಕೊಲೆಗೆ ಬಲಿಯಾದ. ನಿರ್ಬಂಧದ ಸಂಕಟವನ್ನು ಸ್ವತಃ ಉಂಡವರ ಕೈಯಲ್ಲಿ ಅಧಿಕಾರವು ಮೃದುವಾಗುತ್ತದೆಂದು ನಂಬುವಂತಿಲ್ಲ.

ನಡೆದು ನೋಡುವುದರ ಬೆಲೆ ಇದೇ. ಪುಸ್ತಕದಲ್ಲಿ ಕವಿಗಳ ಅಧ್ಯಾಯ ಬೇರೆ, ತೆರಿಗೆಯ ಅಧ್ಯಾಯ ಬೇರೆ. ಈ ನೆಲದಲ್ಲಿ ಅವೆರಡೂ ಒಂದೇ ದಾರಿಯ ಮೇಲಿವೆ. ಹಂಗಳದ ಏಕಾಂತ, ವಿಜಯಪುರದ ಪಿತೃಭಕ್ತಿ, ಗುಂಡಲು ಹೊಳೆಯ ಗುಂಟ ಕೆಳಗಿಳಿದರೆ ನಂಜನಗೂಡಿನ ನೆತ್ತರು. ಇವುಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಂಡು ಹೊಗಳುವುದು, ಇಲ್ಲವೇ ಹಳಿಯುವುದು ಸುಲಭ. ಮೂರನ್ನೂ ಒಟ್ಟಿಗೆ ನೆನೆಯಬಲ್ಲವನಿಗೆ ಮಾತ್ರ ಚರಿತ್ರೆ ತನ್ನ ಬಾಗಿಲನ್ನು ತೆರೆಯುತ್ತದೆ.